ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿದೆಯೇ? ರಿಪೇರಿಯಾದ ಯಂತ್ರವನ್ನು ಚಾರ್ಜಿಗೆ ಹಾಕುವ ಮುನ್ನ

ಮುಚ್ಚಿದ ಲ್ಯಾಪ್‌ಟಾಪನ್ನು ಅಡುಗೆಮನೆಯ ಕಡಪ ಕಲ್ಲಿನ ಮೇಲಿಡಿ. ನಾಲ್ಕು ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ಮೆಲ್ಲಗೆ ಒತ್ತಿ. ಕಾಲು ಗಿಡ್ಡವಾದ ಮಣೆಯ ಹಾಗೆ ಕುಂಟಿದರೆ, ಒಂದೋ ಕೆಳಗಿನ ರಬ್ಬರ್ ಬುಷ್ ಉದುರಿದೆ, ಇಲ್ಲವೇ ಒಳಗಿನ ಬ್ಯಾಟರಿ ಉಬ್ಬಿದೆ. ಬುಷ್ ನಾಲ್ಕೂ ಇದ್ದರೆ ಅನುಮಾನ ಬ್ಯಾಟರಿಯ ಮೇಲೆಯೇ. ಇನ್ನೂ ಮೂರು ಗುರುತುಗಳಿವೆ: ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗದೆ ಬಿಗಿಯಾಗಿರುವುದು, ಕೀಬೋರ್ಡಿನ ನಡುವಿನ ಸಾಲು ಮೇಲೆದ್ದಿರುವುದು, ಕೆಳಗಿನ ಕವರಿಗೂ ಬಾಡಿಗೂ ನಡುವೆ ಉಗುರು ತೂರುವಷ್ಟು ಸಂದು ಬಿದ್ದಿರುವುದು. ಇವುಗಳಲ್ಲಿ ಯಾವೊಂದು ಕಂಡರೂ ಚಾರ್ಜರ್ ತೆಗೆಯಿರಿ, ಶಟ್‌ಡೌನ್ ಮಾಡಿ, ಆಮೇಲೆ ಮುಂದಕ್ಕೆ ಓದಿ.

ದಾವಣಗೆರೆಯಲ್ಲಿ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳ, ತೋಳಹುಣಸೆಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಕೆಲಸ ಮಾಡುವುದು ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ. ಕೆಲವು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು, ಕೆಲವು ಅಣ್ಣನೋ ಅಕ್ಕನೋ ಬಳಸಿ ಬಿಟ್ಟವು, ಬಹುಪಾಲು ಒಂದೆರಡು ಸಲ ರಿಪೇರಿ ಕಂಡವು. ಅದರಲ್ಲಿ ತಪ್ಪೇನೂ ಇಲ್ಲ. ಸರಿಯಾಗಿ ರಿಪೇರಿಯಾದ ಲ್ಯಾಪ್‌ಟಾಪ್ ಹೊಸದರಷ್ಟೇ ನಿಶ್ಚಿಂತೆಯಿಂದ ಬಳಸುವಂಥದ್ದು. ಅಪಾಯ ಇರುವುದು ಮೂರು ಕಡೆ: ಬ್ಯಾಟರಿಯೊಳಗೆ ಬದಲಾಯಿಸಿದ ಸೆಲ್, ಸಿಕ್ಕಿದ ಚಾರ್ಜರ್, ಜಾಗ ತಪ್ಪಿದ ಸ್ಕ್ರೂ. ಈ ಮೂರನ್ನೂ ಮನೆಯಲ್ಲೇ ಪರೀಕ್ಷಿಸಬಹುದು.

ಉಬ್ಬುವುದು ಯಾಕೆ, ಉರಿಯುವುದು ಯಾಕೆ

ಲಿಥಿಯಂ ಅಯಾನ್ ಸೆಲ್ಲಿನೊಳಗೆ ಎರಡು ತೆಳು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪರದೆಯೊಂದು ಇರುತ್ತದೆ. ಅದರ ದಪ್ಪ ಸುಮಾರು 20 ಮೈಕ್ರಾನ್, ತಲೆಗೂದಲಿಗಿಂತಲೂ ತೆಳು. ಸುತ್ತಲೂ ಇರುವ ದ್ರವ ಬೇಗ ಹೊತ್ತಿಕೊಳ್ಳುವಂಥದ್ದು. ಸೆಲ್ ಹಳತಾದಂತೆ, ಅತಿಯಾಗಿ ಚಾರ್ಜ್ ಆದಂತೆ, ಶಾಖದಲ್ಲಿ ಬೆಂದಂತೆ ಆ ದ್ರವ ಒಡೆದು ಗಾಳಿಯಾಗುತ್ತದೆ. ಚೀಲದಂಥ ಪೌಚ್ ಸೆಲ್ ಉಬ್ಬುವುದು ಇದರಿಂದ. ಉಬ್ಬಿದ ಮಾತ್ರಕ್ಕೆ ಬೆಂಕಿ ಹತ್ತುವುದಿಲ್ಲ. ಆದರೆ ಉಬ್ಬಿದ ಚೀಲ ಕವರಿಗೆ ಒತ್ತಿಕೊಂಡು ಪರದೆಯನ್ನು ಹಿಂಡುತ್ತಿರುತ್ತದೆ. ಪರದೆ ಒಂದು ಕಡೆ ಹರಿದರೆ ಸಾಕು, ಸೆಲ್ ಒಳಗೇ ಶಾರ್ಟ್ ಆಗುತ್ತದೆ. ಆ ಜಾಗ ಕಾಯುತ್ತದೆ, ಸುಮಾರು 130 ಡಿಗ್ರಿಯಲ್ಲಿ ಪರದೆ ಕರಗಲು ಶುರುವಾಗುತ್ತದೆ. ಕರಗಿದಷ್ಟೂ ಶಾರ್ಟ್ ಹಿಗ್ಗುತ್ತದೆ, ಶಾಖ ಪಕ್ಕದ ಸೆಲ್ಲಿಗೆ ದಾಟುತ್ತದೆ. ಆಮೇಲೆ ಚಾರ್ಜರ್ ಕಿತ್ತರೂ ಅದು ನಿಲ್ಲುವುದಿಲ್ಲ.

ಒಳ್ಳೆಯ ಕಂಪನಿಯ ಹೊಸ ಸೆಲ್ಲಿನಲ್ಲೂ ಹೀಗಾದದ್ದುಂಟು. 2006ರ ಆಗಸ್ಟ್‌ನಲ್ಲಿ ಡೆಲ್ ಕಂಪನಿ 41 ಲಕ್ಷ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡಿತು. ಸೋನಿ ತಯಾರಿಸಿದ್ದ ಆ ಸೆಲ್ಲುಗಳೊಳಗೆ ಲೋಹದ ಸಣ್ಣ ಕಣಗಳು ಸೇರಿಕೊಂಡಿದ್ದವು. ಕಾರ್ಖಾನೆಯಲ್ಲಿ ಸೇರಿದ ಕಣಕ್ಕೇ ಇಷ್ಟು ಶಕ್ತಿಯಿದ್ದರೆ, ರಿಪೇರಿ ಮೇಜಿನ ಮೇಲೆ ಸ್ಕ್ರೂಡ್ರೈವರ್ ತಾಗಿ ಕುಳಿ ಬಿದ್ದ ಸೆಲ್ಲಿನ ಗತಿ ಊಹಿಸಿ.

ಸಾಮಾನ್ಯ ಲ್ಯಾಪ್‌ಟಾಪಿನ 50 ವಾಟ್-ಅವರ್ ಬ್ಯಾಟರಿಯಲ್ಲಿ ಅರ್ಧ ಲೀಟರ್ ತಣ್ಣೀರನ್ನು ಕುದಿಸುವಷ್ಟು ವಿದ್ಯುತ್ ಶಕ್ತಿ ತುಂಬಿರುತ್ತದೆ. ದ್ರವ ಉರಿಯುವ ಶಾಖ ಅದಕ್ಕಿಂತ ಬೇರೆ. ಅದಕ್ಕೇ ಉಬ್ಬಿದ ಬ್ಯಾಟರಿಯನ್ನು ಫುಲ್ ಚಾರ್ಜ್ ಮಾಡಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು.

ಉಬ್ಬಿದ್ದು ಗೊತ್ತಾದ ಮೇಲೆ

ಲಿಡ್ ಒತ್ತಿ ಮುಚ್ಚಬೇಡಿ. ಚೀಲ ಚುಚ್ಚಿ ಗಾಳಿ ಬಿಡುವ ವಿಡಿಯೋಗಳನ್ನು ನಂಬಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ. ಹಳೇ ಮಾಡೆಲ್ಲಿನಲ್ಲಿ ಕೆಳಗಡೆ ಲಾಚ್ ಇರುವ ಬ್ಯಾಟರಿಯಾದರೆ, ಸಲೀಸಾಗಿ ಬಂದರೆ ಮಾತ್ರ ತೆಗೆಯಿರಿ. ಸಿಕ್ಕಿಕೊಂಡಿದ್ದರೆ ಎಳೆದಾಡದೆ ಹಾಗೇ ಬಿಡಿ. ಯಂತ್ರವನ್ನು ಹಾಸಿಗೆ, ಸೋಫಾ, ಪುಸ್ತಕದ ರಾಶಿಯಿಂದ ದೂರ ಒಯ್ದು, ನೆರಳಿರುವ ಅಂಗಳದಲ್ಲೋ ಬಾಲ್ಕನಿಯಲ್ಲೋ ಬರಿಗಲ್ಲಿನ ಮೇಲಿಡಿ. ನೈಲ್ ಪಾಲಿಶ್‌ನಂಥ ಸಿಹಿ ವಾಸನೆ ಬಂದರೆ ಚೀಲ ಸೋರುತ್ತಿದೆ ಎಂದರ್ಥ. ಆಗ ಬಿಚ್ಚುವ ಸಾಹಸ ಬೇಡ, ಮುಖ ಹತ್ತಿರ ಒಯ್ಯುವುದೂ ಬೇಡ.

ಉಬ್ಬಿರುವುದು ಸ್ವಲ್ಪವೇ ಆಗಿದ್ದು, ಬ್ಯಾಟರಿ ಸ್ಕ್ರೂಗಳಿಂದ ಮಾತ್ರ ನಿಂತಿದ್ದು, ಬಿಚ್ಚಿ ಅಭ್ಯಾಸವಿದ್ದರೆ ನೀವೇ ತೆಗೆಯಬಹುದು. ಕಾರ್ಯಾಗಾರದ ಕ್ರಮ ಹೀಗೆ: ಕವರ್ ತೆಗೆದೊಡನೆ ಬೇರೇನನ್ನೂ ಮುಟ್ಟದೆ ಬ್ಯಾಟರಿ ಕನೆಕ್ಟರ್ ಬಿಡಿಸಿ. ವೈರ್ ಹಿಡಿದು ಜಗ್ಗದೆ ಪ್ಲಾಸ್ಟಿಕ್ ತಲೆಯನ್ನು ಹಿಡಿದು ತೆಗೆಯಿರಿ. ಆಮೇಲೆ ಪವರ್ ಬಟನ್ 15 ಸೆಕೆಂಡು ಒತ್ತಿ ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಸಿ. ನಂತರವೇ ಬ್ಯಾಟರಿಯ ಸ್ಕ್ರೂಗಳು. ಮೀಟುವುದಕ್ಕೆ ಪ್ಲಾಸ್ಟಿಕ್ ಕಾರ್ಡ್ ಬಳಸಿ, ಲೋಹದ್ದು ಯಾವುದೂ ಬೇಡ. ಮ್ಯಾಕ್‌ಬುಕ್ಕಿನಂತೆ ಗೋಂದಿನಿಂದ ಅಂಟಿಸಿದ ಬ್ಯಾಟರಿ ಉಬ್ಬಿದ್ದರೆ ಮನೆಯಲ್ಲಿ ಕೈಹಾಕಬೇಡಿ. ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ, ಅಂಟು ಸಡಿಲವಾಗುವವರೆಗೆ ಕಾದು, ದಾರದಿಂದ ಕೊಯ್ದು ಬಿಡಿಸುವ ತಾಳ್ಮೆ ಮತ್ತು ಅಭ್ಯಾಸ ಎರಡೂ ಬೇಕು. ಎಳೆದರೆ ಚೀಲ ಮಡಚಿಕೊಳ್ಳುತ್ತದೆ, ಮಡಚಿದಲ್ಲೇ ಶಾರ್ಟ್ ಆಗುತ್ತದೆ.

ಬ್ಯಾಟರಿ ಹೊರಗಿಟ್ಟು ಚಾರ್ಜರ್ ಮೇಲೆ ಮಾತ್ರ ಕೆಲಸ ಮಾಡುವ ಲ್ಯಾಪ್‌ಟಾಪುಗಳು ಬಹಳಷ್ಟಿವೆ. ಹೊಸ ಬ್ಯಾಟರಿಗೆ ದುಡ್ಡು ಹೊಂದುವವರೆಗೆ ಹಾಗೆ ಬಳಸಿ. ಕರೆಂಟ್ ಹೋದಾಗ ಕೆಲಸ ಹಾಳಾಗಬಾರದೆಂದು ಉಬ್ಬಿದ್ದನ್ನೇ ಒಳಗಿಟ್ಟುಕೊಳ್ಳುವುದು ಬೇಡ.

ಹೊಸ ಬ್ಯಾಟರಿ ಕೊಳ್ಳುವಾಗ ಲೇಬಲ್ ಓದುವ ಬಗೆ

ಬ್ಯಾಟರಿ ನಿಜವಾಗಿ ಎಷ್ಟು ಸವೆದಿದೆ ಎಂಬುದನ್ನು ಮೊದಲು ನೋಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ‘ಪವರ್’ ಪದಕ್ಕೆ ಸಿ ಎಫ್ ಜಿ ಅಕ್ಷರ ಅಂಟಿಸಿ, ಒಂದು ಸ್ಪೇಸ್ ಬಿಟ್ಟು, ಓರೆಗೆರೆ ಹಾಕಿ, ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ (powercfg /batteryreport) ಎಂಟರ್ ಒತ್ತಿ. ಅದು ತೋರಿಸುವ ಫೈಲನ್ನು ಬ್ರೌಸರಿನಲ್ಲಿ ತೆರೆದರೆ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಅಂಕಿ ಸಿಗುತ್ತವೆ. ಮೊದಲನೆಯದು 50,000, ಎರಡನೆಯದು 31,000 ಇದ್ದರೆ ಉಳಿದಿರುವುದು ಶೇ 62. ಶೇ 60ರ ಆಸುಪಾಸಿಗೆ ಇಳಿದರೆ ಬದಲಾಯಿಸುವುದು ಒಳ್ಳೆಯದು. ಆದರೆ ಶೇ 85 ತೋರಿಸುವ ಬ್ಯಾಟರಿಯೂ ಉಬ್ಬಬಹುದು. ಆದ್ದರಿಂದ ರಿಪೋರ್ಟ್ ನೋಡಿದ ಮೇಲೂ ಕಲ್ಲಿನ ಪರೀಕ್ಷೆ ಬಿಡಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಎರಡನ್ನೂ ಮಾಡಿ. 15 ಇಂಚಿನ ಹಳೇ ಮ್ಯಾಕ್‌ಬುಕ್ ಪ್ರೊ ಆದರೆ ಇನ್ನೊಂದು ಕೆಲಸ: ಮುಖ್ಯವಾಗಿ 2015ರ ಸೆಪ್ಟೆಂಬರಿನಿಂದ 2017ರ ಫೆಬ್ರವರಿಯ ನಡುವೆ ಮಾರಾಟವಾದ ಕೆಲವು ಯಂತ್ರಗಳ ಬ್ಯಾಟರಿ ಅತಿಯಾಗಿ ಬಿಸಿಯಾಗುತ್ತದೆಂದು ಆಪಲ್ 2019ರ ಜೂನ್‌ನಲ್ಲಿ ವಾಪಸ್ ಕರೆದಿತ್ತು. ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ.

ಬ್ಯಾಟರಿ ಕೇಳುವಾಗ ಲ್ಯಾಪ್‌ಟಾಪಿನ ಹೆಸರಿನ ಬದಲು ಹಳೇ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್ ಹೇಳಿ. ಒಂದೇ ಹೆಸರಿನ ಮಾಡೆಲ್ಲಿಗೆ ಎರಡು ಮೂರು ಬಗೆಯ ಬ್ಯಾಟರಿ ಬಂದಿರುತ್ತದೆ. ಆಮೇಲೆ ವೋಲ್ಟ್ ನೋಡಿ. ಲೇಬಲ್ಲಿನಲ್ಲಿ 11.1 ಎಂದಿದ್ದರೆ 3.7 ವೋಲ್ಟಿನ ಮೂರು ಸೆಲ್ ಸಾಲಾಗಿವೆ, ಒಂದೊಂದೂ ಫುಲ್ ಆದಾಗ 4.2 ವೋಲ್ಟಿಗೆ ನಿಲ್ಲಬೇಕು. 11.4 ಎಂದಿದ್ದರೆ ಸೆಲ್ಲಿನ ಮಿತಿ 4.35, 11.55 ಎಂದಿದ್ದರೆ 4.4.

ಅಪಾಯಕಾರಿ ರಿಪೇರಿ ಹುಟ್ಟುವುದು ಈ ವ್ಯತ್ಯಾಸದಲ್ಲೇ. ‘ಸೆಲ್ ಬದಲಾಯಿಸಿ ಕೊಡ್ತೀವಿ, ಅರ್ಧ ರೇಟಿಗೆ ಆಗುತ್ತೆ’ ಎನ್ನುವ ಕೆಲಸದಲ್ಲಿ ಪ್ಯಾಕಿನ, ಅಂದರೆ ಸೆಲ್ಲುಗಳನ್ನು ಜೋಡಿಸಿದ ಇಡೀ ಬ್ಯಾಟರಿಯ, ಚಿಕ್ಕ ಬೋರ್ಡ್ ಹಳೆಯದೇ ಉಳಿಯುತ್ತದೆ. ಎಷ್ಟು ವೋಲ್ಟಿಗೆ ಚಾರ್ಜ್ ಮಾಡಬೇಕೆಂದು ಲ್ಯಾಪ್‌ಟಾಪಿಗೆ ಹೇಳುವುದು ಆ ಬೋರ್ಡೇ. 4.4 ವೋಲ್ಟಿನ ಬೋರ್ಡಿಗೆ 4.2 ವೋಲ್ಟಿನ ಸೆಲ್ ಬೆಸೆದರೆ ಪ್ರತಿ ಸಲ ಫುಲ್ ಮಾಡಿದಾಗಲೂ ಸೆಲ್ ಮಿತಿಮೀರಿ ತುಂಬುತ್ತದೆ. ಮೊದಲ ವಾರ ಬ್ಯಾಕಪ್ ಚೆನ್ನಾಗಿಯೇ ಬರುತ್ತದೆ, ಗಿರಾಕಿಗೆ ಖುಷಿಯೂ ಆಗುತ್ತದೆ, ಒಳಗೆ ಮಾತ್ರ ಕೆಡುತ್ತಿರುತ್ತದೆ. ಹಳೇ ಪ್ಯಾಕುಗಳಿಂದ ಕಿತ್ತ ಬೇರೆ ಬೇರೆ ವಯಸ್ಸಿನ ಸೆಲ್ಲುಗಳನ್ನು ಸೇರಿಸಿದರೂ ಅಷ್ಟೇ. ಸೋತ ಸೆಲ್ ಬೇಗ ಖಾಲಿಯಾಗಿ ಬೇಗ ತುಂಬಿ, ಉಳಿದವು ತುಂಬುವ ಹೊತ್ತಿಗೆ ಮಿತಿ ದಾಟಿರಬಹುದು. ಸೆಲ್ಲಿಗೆ ಅಂಟಿಕೊಂಡ ಸಣ್ಣ ತಾಪದ ಸೆನ್ಸರ್ ಜೋಡಿಸುವಾಗ ಜಾಗ ಬಿಟ್ಟು ನೇತಾಡಿದರೆ, ಸೆಲ್ ಸುಡುತ್ತಿದ್ದರೂ ಬೋರ್ಡಿಗೆ ತಣ್ಣಗೇ ಕಾಣುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಗೆ ಸೆಲ್ ರಿಪೇರಿ ಮಾಡಿಸಲೇಬೇಡಿ ಎಂಬುದು ನಮ್ಮ ಖಚಿತ ಮಾತು. ಪ್ಯಾಕ್ ಪೂರ್ತಿ ಬದಲಾಗಬೇಕು.

ಬೇರೆ ಕಂಪನಿಯವರು ತಯಾರಿಸುವ ಕಂಪ್ಯಾಟಿಬಲ್ ಬ್ಯಾಟರಿಗಳೆಲ್ಲ ಕೆಟ್ಟವೇನಲ್ಲ. ಭಾರತದಲ್ಲಿ ಮಾರುವ ಲಿಥಿಯಂ ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 16046 ಎಂಬ ಮಾನಕ, ಆರ್ ಅಕ್ಷರದ ಮುಂದೆ 8 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ತಯಾರಕರದು, ಯಾವ ಸರಕಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಬೇರೆ ಸರಕಿನ ಹೆಸರು ಬಂದರೆ ಅಥವಾ ಏನೂ ಬಾರದಿದ್ದರೆ ವಾಪಸ್ ಕೊಡಿ.

ಅಂಕಿಯೇ ಸುಳ್ಳು ಹೇಳುವುದೂ ಉಂಟು. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದದ ಉರುಳೆ ಸೆಲ್ಲಿನಲ್ಲಿ ತುಂಬುವುದೇ ಹೆಚ್ಚೆಂದರೆ 3,500 ಎಂಎಎಚ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಆಸುಪಾಸು. ಆರು ಸೆಲ್ಲಿನ ಪ್ಯಾಕಿನಲ್ಲಿ ಎರಡೆರಡು ಜೋಡಿಯಾಗಿ ಇರುವುದರಿಂದ 7,000 ದಾಟಲು ಸಾಧ್ಯವೇ ಕಡಿಮೆ. ಅದೇ ಗಾತ್ರದ ಪ್ಯಾಕಿನ ಮೇಲೆ 8,800 ಎಂದು ಬರೆದಿದ್ದರೆ ಕೆಳಗಿಟ್ಟು ಬನ್ನಿ. ತೂಕವೂ ಹೇಳುತ್ತದೆ: ಒಂದೊಂದು ಸೆಲ್ 45ರಿಂದ 50 ಗ್ರಾಂ. ಆರು ಸೆಲ್ಲಿನ ಪ್ಯಾಕ್ 250 ಗ್ರಾಂ ಕೂಡ ತೂಗದಿದ್ದರೆ ಒಳಗೆ ಇರಬೇಕಾದದ್ದು ಇಲ್ಲ.

ರಿಪೇರಿಗೆ ಕೊಡುವಾಗ, ತರುವಾಗ

ಕೊಡುವಾಗಲೇ ಹೇಳಿ: ‘ಅಣ್ಣಾ, ತೆಗೆದ ಬ್ಯಾಟರಿ ತೋರಿಸ್ರಿ, ಬಿಲ್ಲಿನಲ್ಲಿ ಹೊಸದರ ಪಾರ್ಟ್ ನಂಬರ್ ಬರೀರಿ.’ ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಪಡುವುದಿಲ್ಲ.

ಕೆಳಗಿನ ಕವರಿನ ಸ್ಕ್ರೂಗಳು ನೋಡಲು ಒಂದೇ ಥರ ಇರುತ್ತವೆ, ಉದ್ದ ಮಾತ್ರ ಬೇರೆ ಬೇರೆ. ಹಿಂಜ್ (ಲಿಡ್ ಮಡಚುವ ಕೀಲು) ಕಡೆಯವು 6–8 ಮಿಲಿಮೀಟರ್, ಅಂಗೈ ಊರುವ ಕಡೆಯವು 3–4 ಮಿಲಿಮೀಟರ್ ಇರುವುದು ಸಾಮಾನ್ಯ. ಬ್ಯಾಟರಿ ಮಲಗಿರುವುದು ಅಂಗೈ ಕಡೆ. ಉದ್ದದ ಸ್ಕ್ರೂ ಅಲ್ಲಿಗೆ ಹೋದರೆ ನೇರ ಚೀಲದ ಅಂಚಿಗೆ ಚುಚ್ಚುತ್ತದೆ. ಕೆಲವೊಮ್ಮೆ ಚುಚ್ಚದೆ ಬರೀ ಒತ್ತುತ್ತಾ ಕೂರುತ್ತದೆ, ತಿಂಗಳ ನಂತರ ಬ್ಯಾಗಿನಲ್ಲಿ ಭಾರ ಬಿದ್ದ ದಿನ ಒಳಗೆ ಹೋಗುತ್ತದೆ. ನೀವೇ ಬಿಚ್ಚುವವರಾದರೆ ಥರ್ಮೋಕೋಲ್ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಹಾಕುವಾಗ ಒಂದು ಸ್ಕ್ರೂ ಕಡಿಮೆ ಬಿದ್ದರೆ ಅದು ಒಳಗೇ ಉಳಿದಿರಬಹುದು. ಮತ್ತೆ ಬಿಚ್ಚಿ ಹುಡುಕಿ. ಅಂಗಡಿಯಿಂದ ತಂದ ಯಂತ್ರವನ್ನು ಆಫ್ ಮಾಡಿ ಕಿವಿಯ ಹತ್ತಿರ ಮೆಲ್ಲಗೆ ಓಲಾಡಿಸಿ. ‘ಕಿಣಿ’ ಎಂದರೆ ಚಾರ್ಜಿಗೆ ಹಾಕದೆ ವಾಪಸ್ ಒಯ್ಯಿರಿ.

ಹಿಂಜ್ ಮುರಿದಾಗ ಯಂತ್ರದ ಮೈಗೇ ಡ್ರಿಲ್ ಹೊಡೆದು ನಟ್ಟು ಬೋಲ್ಟ್ ಹಾಕುವುದು ನಮ್ಮ ಕಡೆ ಬಳಕೆಯಲ್ಲಿದೆ. ಗಟ್ಟಿಯಾಗಿ ನಿಲ್ಲುತ್ತದೆ ನಿಜ. ಆದರೆ ಬ್ಯಾಟರಿಯನ್ನೂ ಬೋರ್ಡನ್ನೂ ಹೊರಗೆ ತೆಗೆಯದೆ ಡ್ರಿಲ್ ಹೊಡೆದರೆ ಲೋಹದ ಪುಡಿ ಒಳಗೆಲ್ಲ ಚೆಲ್ಲುತ್ತದೆ. ಎರಡನ್ನೂ ತೆಗೆದೇ ಮಾಡಬೇಕೆಂದು ಕೇಳಿ.

ಚಾರ್ಜಿಂಗ್ ಜ್ಯಾಕ್ ಬದಲಾಯಿಸಿದ್ದರೆ ಅದೂ ಗಮನಿಸಬೇಕಾದದ್ದೇ. 65 ವಾಟಿನ ಚಾರ್ಜರಿನಿಂದ 3.3 ಆಂಪಿಯರ್ ಹರಿಯುತ್ತದೆ. ಬೆಸುಗೆ ಸಡಿಲವಾಗಿ 0.3 ಓಮ್ ತಡೆ ಬಂದರೂ ಆ ಚುಕ್ಕೆಯಷ್ಟು ಜಾಗದಲ್ಲಿ 3 ವಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ, ಅಂದರೆ 25 ವಾಟಿನ ಸೋಲ್ಡರಿಂಗ್ ಐರನ್ನಿನ ಎಂಟನೇ ಒಂದು ಪಾಲು. ಪಿನ್ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುವುದು, ಅಲುಗಾಡಿಸಿದರೆ ಚಾರ್ಜಿಂಗ್ ಹೋಗಿ ಬರುವುದು ಇದರ ಲಕ್ಷಣ.

ಚಾರ್ಜರ್

ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಡೆಲ್, ಎಚ್‌ಪಿಯ ಬಹಳಷ್ಟು ಚಾರ್ಜರ್ 19.5 ವೋಲ್ಟ್, ಲೆನೊವೊ 20, ಏಸರ್ ಮತ್ತು ಆಸುಸ್ 19. ಪಿನ್ ಕೂತಿತೆಂದು ಸಿಕ್ಕಿದ್ದನ್ನು ಚುಚ್ಚಬೇಡಿ. 65 ವಾಟ್ ಬೇಡುವ ಯಂತ್ರಕ್ಕೆ 45 ವಾಟಿನದು ಹಾಕಿದರೆ ಚಾರ್ಜರ್ ದಿನವಿಡೀ ದುಡಿದು ಬೇಯುತ್ತದೆ. ಚಾರ್ಜರ್ ಬೆಚ್ಚಗಾಗುವುದು ಸಹಜ, ಕೈಯಲ್ಲಿ ಹತ್ತು ಸೆಕೆಂಡು ಹಿಡಿಯಲಾಗದಷ್ಟು ಸುಡುವುದು ಸಹಜವಲ್ಲ.

ಲೋಹದ ಬಾಡಿ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಮೂರು ಪಿನ್ನಿನ ಪ್ಲಗ್ಗಿಗೆ ಟು ಪಿನ್ ಕನ್ವರ್ಟರ್ ಹಾಕಿರುತ್ತೀರಿ, ಇಲ್ಲವೇ ಮನೆಯ ಅರ್ಥಿಂಗ್ ಸತ್ತಿರುತ್ತದೆ. ಕನ್ವರ್ಟರ್ ತೆಗೆದು ನೇರ ತ್ರೀ ಪಿನ್ ಸಾಕೆಟ್ಟಿಗೆ ಹಾಕಿ ನೋಡಿ. ಆಗಲೂ ಜುಮ್ಮೆಂದರೆ ಎಲೆಕ್ಟ್ರಿಷಿಯನ್ ಕರೆಸಿ. ಮನೆಯ ದೀಪಗಳು ಇದ್ದಕ್ಕಿದ್ದಂತೆ ಅತಿ ಪ್ರಕಾಶವಾಗಿ ಉರಿದರೆ ನ್ಯೂಟ್ರಲ್ ಸಡಿಲವಾಗಿ ವೋಲ್ಟೇಜ್ ಏರಿರಬಹುದು. ಆ ಕ್ಷಣವೇ ಮೇನ್ ಸ್ವಿಚ್ ಆಫ್ ಮಾಡಿ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಮೊದಲ ಎರಡು ಚಾರ್ಜ್

ರಿಪೇರಿಯಾಗಿ ಬಂದ ಅಥವಾ ಹೊಸ ಬ್ಯಾಟರಿ ಹಾಕಿದ ಯಂತ್ರವನ್ನು ಮೊದಲ ಎರಡು ಸಲ ಹಗಲಿನಲ್ಲಿ, ಎಚ್ಚರವಿದ್ದು, ಕಲ್ಲಿನ ಮೇಲಿಟ್ಟು ಚಾರ್ಜ್ ಮಾಡಿ. ಯಂತ್ರ ಆಫ್ ಆಗಿರಲಿ. ಹದಿನೈದು ನಿಮಿಷಕ್ಕೊಮ್ಮೆ ಮೂರು ಕಡೆ ಮುಟ್ಟಿ: ಅಂಗೈ ಊರುವ ಜಾಗ, ಹಿಂಜ್ ಹತ್ತಿರದ ಫ್ಯಾನ್ ಜಾಗ, ಚಾರ್ಜಿಂಗ್ ಪಿನ್. ಪ್ರೊಸೆಸರ್ ಇರುವುದು ಫ್ಯಾನ್ ಕಡೆ. ಕೆಲಸ ಮಾಡುವಾಗ ಅಲ್ಲಿ ಬಿಸಿಯಾದರೆ ಚಿಂತೆಯಿಲ್ಲ. ಯಂತ್ರ ಆಫ್ ಇದ್ದೂ ಅಂಗೈ ಜಾಗ ಸುಡುತ್ತಿದ್ದರೆ ಬಿಸಿಯಾಗುತ್ತಿರುವುದು ಬ್ಯಾಟರಿ. ಚಾರ್ಜರ್ ತೆಗೆಯಿರಿ. ಎರಡನೇ ಚಾರ್ಜ್ ಮುಗಿದ ಮೇಲೆ ಮತ್ತೊಮ್ಮೆ ಕಲ್ಲಿನ ಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ.

ಹಾಸ್ಟೆಲ್, ಪಿ.ಜಿ.ಗಳಲ್ಲಿ ರಾತ್ರಿ ಹಾಸಿಗೆಯ ಮೇಲೆ, ಕೌದಿಯ ಮಡಿಕೆಯಲ್ಲಿ ಚಾರ್ಜಿಗಿಟ್ಟು ಮಲಗುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಬಟ್ಟೆ ಗಾಳಿಕಿಂಡಿ ಮುಚ್ಚುತ್ತದೆ, ಕಿಡಿ ಬಿದ್ದರೆ ಮೊದಲು ಹೊತ್ತುವುದೂ ಅದೇ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಸೆಲ್ಲುಗಳನ್ನು ಚಾರ್ಜ್ ಮಾಡುವ ಮಿತಿ ಸಾಮಾನ್ಯವಾಗಿ 45. ಶೀಟಿನ ಮನೆಯ ಮಧ್ಯಾಹ್ನದಲ್ಲಿ ಉಳಿಯುವ ಅಂತರ ಬಹಳ ಕಡಿಮೆ, ಆದ್ದರಿಂದ ಬೆಳಗ್ಗೆ ಅಥವಾ ಸಂಜೆ ಚಾರ್ಜ್ ಮಾಡಿ. ಮಂಡಕ್ಕಿ ಭಟ್ಟಿಗಳ ಆಸುಪಾಸಿನವರಿಗೆ ಮಸಿ, ಚಿತ್ರದುರ್ಗದ ಕಡೆಯವರಿಗೆ ಗಾಳಿ ತರುವ ದೂಳು: ಎರಡೂ ಫ್ಯಾನಿನ ಕಿಂಡಿಯಲ್ಲಿ ಕಂಬಳಿಯಂತೆ ಕೂರುತ್ತವೆ. ಆರು ತಿಂಗಳಿಗೊಮ್ಮೆ ಸ್ವಚ್ಛ ಮಾಡಿಸಿ. ಸದಾ ಪ್ಲಗ್ಗಿನಲ್ಲೇ ಇರುವ ಡಿಟಿಪಿ ಅಂಗಡಿಯ ಲ್ಯಾಪ್‌ಟಾಪಾದರೆ ಚಾರ್ಜ್ ಶೇ 80ಕ್ಕೆ ನಿಲ್ಲುವ ಸೆಟ್ಟಿಂಗ್ ಆನ್ ಮಾಡಿ, ಲೆನೊವೊ, ಡೆಲ್, ಆಸುಸ್‌ನವರ ಆ್ಯಪಿನಲ್ಲಿ ಇದು ಸಿಗುತ್ತದೆ. ರಜೆಯಲ್ಲಿ ಮುಚ್ಚಿಡುವುದಾದರೆ ಶೇ 50ರ ಹತ್ತಿರ ಇಟ್ಟು ಹೋಗಿ.

ಹೊಗೆ ಬಂದರೆ

ಹಿಸ್ಸೆಂಬ ಸದ್ದು, ದಟ್ಟ ಹೊಗೆ, ಆಮೇಲೆ ಜ್ವಾಲೆ. ನಡುವೆ ಸಿಗುವುದು ಕೆಲವೇ ಸೆಕೆಂಡು ಇರಬಹುದು. ಯಂತ್ರ ಎತ್ತಿಕೊಂಡು ಓಡಬೇಡಿ. ಮನೆಯವರನ್ನು ಹೊರಗೆ ಕಳಿಸಿ. ಕೈಗೆಟುಕಿದರೆ ಸ್ವಿಚ್, ಇಲ್ಲದಿದ್ದರೆ ಮೇನ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಮರೆಯಬೇಡಿ. ಕರೆಂಟ್ ಹೋಗಿದ್ದು ಖಾತ್ರಿಯಾದ ಮೇಲೆ, ಬೆಂಕಿ ಇನ್ನೂ ಯಂತ್ರದಷ್ಟಕ್ಕೇ ಇದ್ದರೆ, ದೂರದಿಂದ ನೀರು ಸುರಿಯಿರಿ. ಒಂದು ಚೊಂಬು ಸಾಲದು, ಬಕೆಟ್ಟುಗಟ್ಟಲೆ ಬೇಕು. ಲಿಥಿಯಂ ಅಂದರೆ ನೀರು ಹಾಕಬಾರದು ಎಂಬ ಮಾತು ಲೋಹ ರೂಪದ ಲಿಥಿಯಂಗೆ ಸಲ್ಲುವುದು. ಲ್ಯಾಪ್‌ಟಾಪ್ ಸೆಲ್ಲನ್ನು ತಣ್ಣಗಾಗಿಸಲು ನೀರಿನಷ್ಟು ಒಳ್ಳೆಯದು ಮನೆಯಲ್ಲಿ ಬೇರೆ ಸಿಗದು. ಪುಡಿಯ ಅಗ್ನಿಶಾಮಕ ಸಿಲಿಂಡರ್ ಜ್ವಾಲೆ ಆರಿಸುತ್ತದೆ, ಸೆಲ್ಲಿನ ಶಾಖ ಇಳಿಸುವುದಿಲ್ಲ, ಆದ್ದರಿಂದ ಅದು ಮತ್ತೆ ಹೊತ್ತಬಹುದು. ಕಿಟಕಿಯ ಪರದೆಗೋ ಹಾಸಿಗೆಗೋ ಬೆಂಕಿ ದಾಟಿದ್ದರೆ, ಹೊಗೆ ಕೋಣೆ ತುಂಬಿದ್ದರೆ ಬಾಗಿಲೆಳೆದುಕೊಂಡು ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಿ.

ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶವನ್ನು ಸುಡುವಂಥದ್ದು. ಉಸಿರಾಡಿದವರು ಆರಾಮಿದ್ದಂತೆ ಕಂಡರೂ ಆಸ್ಪತ್ರೆಗೆ ಹೋಗಬೇಕು. ಸುಟ್ಟ ಗಾಯಕ್ಕೆ 20 ನಿಮಿಷ ನಲ್ಲಿ ನೀರು ಹರಿಸಿ. ಟೂತ್‌ಪೇಸ್ಟ್, ಇಂಕ್ ಬೇಡ. ಆರಿದ ಯಂತ್ರವನ್ನು ಬಯಲಲ್ಲಿ, ಗೋಡೆಯಿಂದ ದೂರ, ಒಂದು ದಿನ ಪೂರ್ತಿ ಬಿಡಿ.

ತೆಗೆದ ಬ್ಯಾಟರಿ

ಕನೆಕ್ಟರಿನ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಸಿಮೆಂಟ್ ಕಲಸುವ ಕಬ್ಬಿಣದ ಬಾಂಡ್ಲಿಯಲ್ಲಿ ಒಣ ಮರಳು ಹಾಸಿ, ಅದರ ಮೇಲೆ ಬ್ಯಾಟರಿ ಇಟ್ಟು, ಮೇಲೆ ಮತ್ತಷ್ಟು ಮರಳು ಮುಚ್ಚಿ ನೆರಳಿನಲ್ಲಿಡಿ. ಮರಳು ತಣ್ಣಗಾಗಿಸುವುದಿಲ್ಲ, ಕಿಡಿ ಹಾರದಂತೆ ತಡೆಯುತ್ತದೆ. ಉಪ್ಪುನೀರಿನಲ್ಲಿ ಮುಳುಗಿಸುವುದು ಬೇಡ. ತುದಿಗಳು ತುಕ್ಕು ಹಿಡಿದು, ಒಳಗೆ ಚಾರ್ಜ್ ಉಳಿದಿದ್ದರೂ ಖಾಲಿಯಾದಂತೆ ಕಾಣುತ್ತದೆ.

ಕಸದ ಗಾಡಿಗೆ ಹಾಕಿದರೆ ಅದು ಅಲ್ಲಿ ಒತ್ತಡಕ್ಕೆ ಸಿಕ್ಕಿ ಒಣ ಕಸದ ನಡುವೆ ಹೊತ್ತಬಹುದು. ಗುಜರಿಗೆ ಕೊಟ್ಟರೆ ತಾಮ್ರಕ್ಕಾಗಿ ಸುತ್ತಿಗೆಯಲ್ಲಿ ಒಡೆಯುವ ಕೈ ಸುಡುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಕಂಪನಿಯ ಸರ್ವಿಸ್ ಸೆಂಟರಿಗೆ ಮೊದಲು ಫೋನ್ ಮಾಡಿ, ‘ಬ್ಯಾಟರಿ ಉಬ್ಬಿದೆ’ ಎಂದು ಸ್ಪಷ್ಟವಾಗಿ ಹೇಳಿ, ತಗೊಂಡು ಬರಬಹುದೇ ಎಂದು ಕೇಳಿ ಹೋಗಿ. ಕೊರಿಯರಿಗೂ ಬಸ್ಸಿನ ಲಗೇಜಿಗೂ ಕೊಡಬೇಡಿ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರ ವಿಳಾಸವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಬಹುದು.

ರಿಪೇರಿ ಅಂಗಡಿ ನಡೆಸುವವರಿಗೆ ಒಂದು ಮಾತು. ಗಿರಾಕಿ ಬಿಟ್ಟುಹೋದ ಉಬ್ಬಿದ ಬ್ಯಾಟರಿಗಳನ್ನು ಡ್ರಾಯರಿನಲ್ಲಿ ಒಂದರ ಮೇಲೊಂದು ಪೇರಿಸಬೇಡಿ. ಒಂದು ಹೊತ್ತಿದರೆ ಎಲ್ಲವೂ ಹೊತ್ತುತ್ತವೆ. ಮುಚ್ಚಳ ಸಡಿಲವಿರುವ ಕಬ್ಬಿಣದ ಡಬ್ಬ, ಒಂದೊಂದರ ನಡುವೆ ನಾಲ್ಕು ಬೆರಳು ಮರಳು, ಅಂಗಡಿಯ ಹೊರಗೆ ಬಿಸಿಲು ತಾಗದ ಜಾಗ. ಡಬ್ಬ ತುಂಬುವವರೆಗೆ ಕಾಯದೆ ತಿಂಗಳಿಗೊಮ್ಮೆ ಸಂಗ್ರಹಕಾರರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ.